ಡಿಜಿಟಲ್ ಪ್ರಚಾರ ಸಂಸ್ಥೆಯ ನೌಕರರ ಅಭಿಪ್ರಾಯ ಮತ್ತು ವರ್ತಕರ ಹಿತ

ಸೀರೆ ಅಂಗಡಿಯಿಂದ ಹಿಡಿದು ಪಂಪ್‌ಸೆಟ್ ತಯಾರಕರವರೆಗೆ ಅನೇಕರು ಇಂದು ಅಂತರಜಾಲದ ಪ್ರಚಾರಕಾರ್ಯವನ್ನು ಡಿಜಿಟಲ್ ಮಾರ್ಕೆಟಿಂಗ್ ಸಂಸ್ಥೆಗಳಿಗೆ ಒಪ್ಪಿಸಿದ್ದಾರೆ. ಒಪ್ಪಂದಕ್ಕೆ ಮುನ್ನ ದರವನ್ನೂ ಹಿಂದಿನ ಗ್ರಾಹಕರ ಹೆಸರನ್ನೂ ವಿಚಾರಿಸುವ ವರ್ತಕರು, ಕೆಲಸವನ್ನು ಪ್ರತ್ಯಕ್ಷ ಮಾಡುವ ನೌಕರರ ಸ್ಥಿತಿಗತಿಯನ್ನು ವಿಚಾರಿಸುವುದು ಅಪರೂಪ. ಪಾವತಿಸಿದ ಶುಲ್ಕಕ್ಕೆ ತಕ್ಕ ಕೆಲಸ ದೊರೆಯುವುದೇ ಇಲ್ಲವೇ ಎಂಬುದು ಬಹುಮಟ್ಟಿಗೆ ಅಲ್ಲಿಯೇ ನಿರ್ಧಾರವಾಗುತ್ತದೆ.

ಈ ನೌಕರರ ಮಾತಿನಲ್ಲಿ ಮೆಚ್ಚುಗೆಯೂ ಉಂಟು. ಪದವಿ ಮುಗಿಸಿ ಬಂದ ತರುಣರಿಗೆ ಒಂದೆರಡು ವರ್ಷಗಳಲ್ಲೇ ಆಭರಣ, ಆಸ್ಪತ್ರೆ, ಯಂತ್ರೋಪಕರಣ ಮುಂತಾದ ಹಲವು ವ್ಯವಹಾರಗಳ ಪರಿಚಯವಾಗುತ್ತದೆ. ಈ ಕಲಿಕೆಯನ್ನೇ ಬಂಡವಾಳ ಮಾಡಿಕೊಂಡು ಅವರು ಹೆಚ್ಚಿನ ವೇತನದ ಹುದ್ದೆಗೆ ತೆರಳುತ್ತಾರೆ. ಸಂಸ್ಥೆಯ ಈ ಗುಣವೇ ಗ್ರಾಹಕನ ಪಾಲಿಗೆ ತೊಡಕಾಗುವುದು.

ಅಸಮಾಧಾನದ ಮೂಲವಿರುವುದು ಲೆಕ್ಕದಲ್ಲಿ. ಒಬ್ಬ ನೌಕರನ ವೇತನ ತಿಂಗಳಿಗೆ 30,000 ರೂ. ಎಂದೂ, ಬಾಡಿಗೆ, ತಂತ್ರಾಂಶ, ಮೇಲ್ವಿಚಾರಣೆಗಳ ಪಾಲು ಮತ್ತೆ 30,000 ರೂ. ಎಂದೂ ಇಟ್ಟುಕೊಳ್ಳೋಣ. ಪ್ರತಿ ಗ್ರಾಹಕನ ಶುಲ್ಕ 20,000 ರೂ. ಆದರೆ ಮೂವರಿಂದ ಖರ್ಚು ಸರಿಹೋಗಿ ನಾಲ್ಕನೆಯವನಿಂದ ಲಾಭ. ಚೌಕಾಸಿ ಮಾಡಿ ಶುಲ್ಕವನ್ನು 12,000 ರೂ.ಗೆ ಇಳಿಸಿದರೆ ಅದೇ ನೌಕರನ ಕೈಗೆ ಆರು ಗ್ರಾಹಕರು ಬರುತ್ತಾರೆ. ದಿನಕ್ಕೆ 8 ಗಂಟೆಯಂತೆ 26 ದಿನಗಳ 208 ಗಂಟೆಗಳಲ್ಲಿ ಮೊದಲು ಒಬ್ಬ ಗ್ರಾಹಕನಿಗೆ 52 ಗಂಟೆ ಸಿಗುತ್ತಿದ್ದುದು ಈಗ 35ಕ್ಕೂ ಕಡಿಮೆ. ಕೆಲಸದ ಹೊರೆ ಮಿತಿಮೀರಿದೆ ಎಂಬ ನೌಕರರ ದೂರು ವರ್ತಕನ ರಿಯಾಯಿತಿಯ ಇನ್ನೊಂದು ಮುಖವಷ್ಟೆ.

ಹಬ್ಬಗಳಲ್ಲಿ ಈ ಹೊರೆ ಇಮ್ಮಡಿಸುತ್ತದೆ. ವರಮಹಾಲಕ್ಷ್ಮಿ, ಆಯುಧಪೂಜೆ, ದೀಪಾವಳಿಗಳಂದು ಎಲ್ಲ ಗ್ರಾಹಕರಿಗೂ ಒಂದೇ ಮುಹೂರ್ತಕ್ಕೆ ಶುಭಾಶಯದ ಚಿತ್ರ ಬೇಕು. ಹಿಂದಿನ ರಾತ್ರಿ ಹತ್ತಕ್ಕೆ ವಾಟ್ಸ್‌ಆ್ಯಪ್‌ನಲ್ಲಿ ಬಣ್ಣ ಬದಲಿಸುವ ಸೂಚನೆಯೂ ಬರುತ್ತದೆ. ತಮ್ಮ ಹಿಡಿತದಲ್ಲಿಲ್ಲದ ಫಲಕ್ಕೆ ಹೊಣೆಯಾಗಬೇಕೆಂಬುದು ಇನ್ನೊಂದು ನೋವು. ಮೊದಲ ಸ್ಥಾನದ ಖಾತರಿಯನ್ನು ಯಾರೂ ನೀಡಲಾರರೆಂದು ಗೂಗಲ್ ಸಂಸ್ಥೆಯೇ ತಿಳಿಸಿದೆ. ಆದರೂ ವ್ಯಾಪಾರ ಕುದುರಿಸುವ ಭರದಲ್ಲಿ ಮಾರಾಟ ವಿಭಾಗದವರು ಮಾತು ಕೊಟ್ಟುಬಿಡುತ್ತಾರೆ, ಉತ್ತರ ಹೇಳಬೇಕಾದವನು ಬೇರೊಬ್ಬ.

ಕೆಲವು ಸಣ್ಣ ಸಂಸ್ಥೆಗಳು ಪೂರ್ಣಾವಧಿ ದುಡಿಯುವವರನ್ನೂ ಸಲಹೆಗಾರರೆಂದು ತೋರಿಸಿ, ಶೇ. 10ರಷ್ಟು ತೆರಿಗೆ ಮುರಿದುಕೊಂಡು ಹಣ ನೀಡುವುದುಂಟು. ಇದರಿಂದ ಭವಿಷ್ಯನಿಧಿ, ಉಪದಾನಗಳು ತಪ್ಪುತ್ತವೆ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳು, ಹತ್ತು ಅಥವಾ ಹೆಚ್ಚು ಮಂದಿ ದುಡಿಯುವೆಡೆ ನೇಮಕಾತಿ ಪತ್ರವನ್ನು ಕಡ್ಡಾಯಗೊಳಿಸಿವೆ. ಕಾಗದದ ಮೇಲೆ ಬಂಧವೇ ಇಲ್ಲದವನು ವಾರದ ಸೂಚನೆಯನ್ನೂ ಕೊಡದೆ ಹೊರಟರೆ ಅಚ್ಚರಿಪಡಬೇಕಿಲ್ಲ.

ಹಾಗೆ ಹೊರಟವನೊಂದಿಗೆ ವರ್ತಕನ ಸ್ವತ್ತೂ ಹೋಗುವ ಭಯವಿದೆ. ಜಾಲತಾಣದ ವಿಳಾಸ, ಜಾಹೀರಾತಿನ ಖಾತೆ, ಫೇಸ್‌ಬುಕ್ ಪುಟ ಇವು ಅನೇಕ ಕಡೆ ನೌಕರನ ಸ್ವಂತ ಇ-ಮೇಲ್‌ನಲ್ಲಿ ನೋಂದಣಿಯಾಗಿರುತ್ತವೆ. ವರ್ಷಗಟ್ಟಲೆ ಕೂಡಿಬಂದ ಗ್ರಾಹಕರ ವಿಮರ್ಶೆಗಳಿರುವ ಖಾತೆ ಕೈತಪ್ಪಿದರೆ ಮರಳಿ ಪಡೆಯುವುದು ಪ್ರಯಾಸದ ಕೆಲಸ. ಗೂಗಲ್‌ನ ಬಿಸಿನೆಸ್ ಪ್ರೊಫೈಲ್‌ನಲ್ಲಿ ಮಾಲೀಕ, ವ್ಯವಸ್ಥಾಪಕ ಎಂಬ ಬೇರೆ ಬೇರೆ ಅಧಿಕಾರಗಳಿವೆ. ಮಾಲೀಕತ್ವವನ್ನು ಅಂಗಡಿಯ ಇ-ಮೇಲ್‌ನಲ್ಲೇ ಇರಿಸಿಕೊಂಡು ಸಂಸ್ಥೆಗೆ ವ್ಯವಸ್ಥಾಪಕನ ಅಧಿಕಾರವನ್ನಷ್ಟೇ ನೀಡಬಹುದು. ಜಾಲತಾಣದ ವಿಳಾಸದ ನವೀಕರಣ ಶುಲ್ಕವನ್ನು ವರ್ತಕನೇ ನೇರವಾಗಿ ಪಾವತಿಸುವುದು ಲೇಸು.

ಒಪ್ಪಂದದ ದಿನ ಎರಡು ಪ್ರಶ್ನೆ ಕೇಳಲು ಸಂಕೋಚ ಬೇಡ: ತಮ್ಮ ಕೆಲಸ ನೋಡುವವನ ಕೈಯಲ್ಲಿ ಒಟ್ಟು ಎಷ್ಟು ಗ್ರಾಹಕರಿದ್ದಾರೆ, ಆತ ಸಂಸ್ಥೆಗೆ ಸೇರಿ ಎಷ್ಟು ಕಾಲವಾಯಿತು. ಆತ ಬಿಟ್ಟುಹೋಗುವಾಗ ಹೊಸಬನಿಗೆ ಕೆಲಸ ವಹಿಸಿಕೊಡಲು ಇಂತಿಷ್ಟು ದಿನ ಎಂಬ ಷರತ್ತನ್ನೂ ಬರಹದಲ್ಲಿ ಸೇರಿಸಬಹುದು. ಶುಲ್ಕ ಇಳಿಸುವ ಮಾತು ಇದಾದ ಮೇಲೆ ಬರಲಿ.