ಕಂಬದ ಮೇಲಿನ ನ್ಯೂಟ್ರಲ್ ತಂತಿ

ಏಪ್ರಿಲ್, ಮೇ ತಿಂಗಳ ಅಡ್ಡಮಳೆ ಗಾಳಿ ಗುಡುಗು ಹೊತ್ತು ಬಂತೆಂದರೆ ಘಟಪ್ರಭೆಯ ದಂಡೆಯ ಅನಗವಾಡಿಯಲ್ಲಾಗಲಿ, ಬೀಳಗಿ, ಮುಧೋಳದಲ್ಲಾಗಲಿ ಮೊದಲು ಹೋಗುವುದು ಕರೆಂಟು. ಆದರೆ ಕರೆಂಟು ಹೋದದ್ದರಿಂದಲೇ ಕಂಪ್ಯೂಟರು ಸುಡುವುದು ಅಪರೂಪ. ಟೈಪಿಸುತ್ತಿದ್ದ ಕಡತ ಹಾಳಾದೀತು, ಅಷ್ಟೆ. ಸುಡುವುದು ಕರೆಂಟು ಇರುವಾಗ, ಇಲ್ಲವೇ ಮರಳಿ ಬರುವಾಗ.

ಕಂಪ್ಯೂಟರಿನ ಹಿಂಬದಿಗೆ, ಫ್ಯಾನು ಸುತ್ತುವ ಕಡೆ ಎಸ್‌ಎಂಪಿಎಸ್ ಎಂಬ ಪೆಟ್ಟಿಗೆಯಿದೆ. ಗೋಡೆಯಿಂದ ಬಂದ ಎಸಿಯನ್ನು ಅದು ಮೊದಲು ಡಿಸಿ ಮಾಡುತ್ತದೆ. ನಾವು 230 ವೋಲ್ಟ್ ಎಂದರೂ ಅಲೆಯ ತುದಿ 325ರವರೆಗೆ ಏರುತ್ತದೆ. ಕೆಪಾಸಿಟರಿನಲ್ಲಿ ತುಂಬುವುದು ಆ ತುದಿಯೇ. ಅದರ ತಾಳಿಕೆ ಸಾಮಾನ್ಯವಾಗಿ 400ರಿಂದ 450 ವೋಲ್ಟ್. ಕರೆಂಟು ಕಡಿದ ಮೇಲೂ ಅದರಲ್ಲಿ ಉಳಿದದ್ದು ಸುಮಾರು 16 ಮಿಲಿಸೆಕೆಂಡು ಕಂಪ್ಯೂಟರನ್ನು ನಡೆಸುತ್ತದೆ. ಯುಪಿಎಸ್ ಬ್ಯಾಟರಿಗೆ ಹೊರಳಲು ಹತ್ತು ಮಿಲಿಸೆಕೆಂಡಿನ ಒಳಗೇ ಸಾಕು. ಆ ಸಣ್ಣ ಬಿಡುವೇ ಅದಕ್ಕೆ ಆಧಾರ.

ಇನ್ನು ಟಿಸಿ, ಅಂದರೆ ಓಣಿಯ ಟ್ರಾನ್ಸ್‌ಫಾರ್ಮರ್ ಕಡೆ ಹೋಗೋಣ. ಅಲ್ಲಿಂದ ಮೂರು ಫೇಸು, ಒಂದು ನ್ಯೂಟ್ರಲ್ ಹೊರಡುತ್ತವೆ. ಫೇಸಿಗೂ ನ್ಯೂಟ್ರಲ್ಲಿಗೂ ನಡುವೆ 230 ವೋಲ್ಟ್, ಎರಡು ಫೇಸುಗಳ ನಡುವೆ 400. ಓಣಿಯ ಮನೆಗಳನ್ನು ಮೂರೂ ಫೇಸಿಗೆ ಹಂಚಿರುತ್ತಾರೆ. ಗಾಳಿಗೆ ಟೊಂಗೆ ಬಿದ್ದು ನ್ಯೂಟ್ರಲ್ ಕಡಿಯಿತೆನ್ನಿ. ಆಗ ನಿಮ್ಮ ಮನೆ, ಬೇರೆ ಫೇಸಿನಲ್ಲಿರುವ ಎದುರು ಮನೆ ಎರಡೂ ಒಂದರ ಹಿಂದೆ ಒಂದು ಸೇರಿ 400 ವೋಲ್ಟಿಗೆ ಸಿಕ್ಕಿಬೀಳುತ್ತವೆ. ಪಾಲು ಸಮ ಬರುವುದಿಲ್ಲ. ಎದುರು ಮನೆಯಲ್ಲಿ ಗೀಸರ್ ನಡೆದಿದ್ದು, ನಿಮ್ಮಲ್ಲಿ ಬರೀ ಕಂಪ್ಯೂಟರು, ಒಂದು ಬಲ್ಬು ಇದ್ದರೆ ಹೆಚ್ಚಿನ ವೋಲ್ಟೇಜ್ ನಿಮ್ಮ ಪಾಲಿಗೇ. ಅದು 350 ಮುಟ್ಟಿದರೆ ಅಲೆಯ ತುದಿ 495. ಕೆಪಾಸಿಟರು ಢಬ್ ಎನ್ನುತ್ತದೆ. ಇದಕ್ಕೆ ಸಿಡಿಲೂ ಬೇಡ. ಫ್ಯಾನು ಏಕಾಏಕಿ ಜೋರಾದರೆ, ಎದುರು ಮನೆಯ ದೀಪ ಮಂಕಾದರೆ ಯೋಚಿಸುತ್ತ ನಿಲ್ಲದೆ ಮೇನ್ ಇಳಿಸಬೇಕು. ಲೈನ್‌ಮನ್‌ಗೆ ಫೋನು ಆಮೇಲೆ.

ಅಂಗಡಿಯವರು ಕೊಡುವ ಸ್ಪೈಕ್ ಗಾರ್ಡ್ ಪಟ್ಟಿ ಇಲ್ಲಿ ಕೈಕೊಡುತ್ತದೆ. ಅದರೊಳಗಿರುವುದು ಜಿಂಕ್ ಆಕ್ಸೈಡ್ ಕಣಗಳ ಒಂದು ಬಿಲ್ಲೆ, ವ್ಯಾರಿಸ್ಟರ್. ವೋಲ್ಟೇಜ್ ಮಿತಿಯಲ್ಲಿರುವಾಗ ತಡೆಗೋಡೆ, ಮಿತಿ ದಾಟಿದೊಡನೆ ಹಾದಿ. ನೀರು 519.60 ಮೀಟರ್ ಮುಟ್ಟಿದಾಗ ಆಲಮಟ್ಟಿಯ 26 ಗೇಟುಗಳು ಹೆಚ್ಚುವರಿಯನ್ನು ಹೊರಗೆ ಬಿಟ್ಟಂತೆ ಇದೂ ಬಿಡುತ್ತದೆ. ವ್ಯತ್ಯಾಸವೇನೆಂದರೆ, ಗೇಟು ದಿನಗಟ್ಟಲೆ ತೆರೆದಿರಬಲ್ಲದು; ವ್ಯಾರಿಸ್ಟರ್ ಮೈಕ್ರೊಸೆಕೆಂಡುಗಳ ಏಟಿಗಷ್ಟೇ ಗಟ್ಟಿ. ಅದೂ ಪ್ರತಿ ಏಟಿಗೆ ಸವೆಯುತ್ತದೆ. 350 ವೋಲ್ಟ್ ನಿಮಿಷಗಟ್ಟಲೆ ನಿಂತರೆ ಅದು ತಾನೇ ಕಾದು ಹೊತ್ತಿಕೊಂಡೀತು.

ಅದಕ್ಕೆ ಬೇಕಾದದ್ದು ಮೇನ್ ಬೋರ್ಡಿನಲ್ಲಿ ಕೂರುವ ಓವರ್‌ವೋಲ್ಟೇಜ್ ಪ್ರೊಟೆಕ್ಟರ್. ವೋಲ್ಟೇಜ್ ಮೀರಿದರೆ ಕಡಿದು, ಸರಿಯಾದ ಮೇಲೂ ಸ್ವಲ್ಪ ತಡೆದು ಕೂಡಿಸುತ್ತದೆ. ಕರೆಂಟು ಬಂದ ಕೂಡಲೇ ಊರಿನ ಮೋಟರುಗಳೆಲ್ಲ ಒಟ್ಟಿಗೆ ಎದ್ದು, ಪ್ರತಿಯೊಂದೂ ಐದಾರು ಪಟ್ಟು ಎಳೆಯುವ ಆ ತೂರಾಟದ ಹೊತ್ತು ಹೀಗೆ ದಾಟಿಹೋಗುತ್ತದೆ. ಬನಹಟ್ಟಿಯ ಮಗ್ಗದ ಮನೆಗಳಿಗಂತೂ ಇದು ಬೇಕೇ ಬೇಕು. ನನ್ನನ್ನು ಕೇಳಿದರೆ ಇದು ಮೊದಲು, ಯುಪಿಎಸ್ ಎರಡನೆಯದು.

ಈ ತೊಂದರೆಗೆಲ್ಲ ದೊಡ್ಡ ಗ್ರಿಡ್ ಕಾರಣವಲ್ಲ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ವಿದ್ಯುತ್ ಮಾರ್ಗ ಜೋಡಣೆಯಾಗಿ ದಕ್ಷಿಣದ ಗ್ರಿಡ್ ಇಡೀ ದೇಶದ್ದರೊಡನೆ ಒಂದಾಯಿತು. ದೊಡ್ಡ ಜಾಲ ಗಟ್ಟಿಯಿದೆ. ಸೊರಗಿರುವುದು ಟಿಸಿಯಿಂದ ಮನೆಯವರೆಗಿನ ದಾರಿ.

ಮನೆಯಲ್ಲಿ ಇನ್ವರ್ಟರ್ ಇದ್ದರೆ ಅದರ ಹಿಂದೆ ಯುಪಿಎಸ್ ಮೋಡಿನ ಗುಂಡಿ ಇದೆಯೇ ನೋಡಿ. ನಾರ್ಮಲ್‌ನಲ್ಲಿದ್ದರೆ ಹೊರಳುವುದು ನಿಧಾನ, ಕಂಪ್ಯೂಟರು ಆರಿಹೋಗಬಹುದು. ಗುಡುಗಿದಾಗ ಪ್ಲಗ್ ಕೀಳುವ ರೂಢಿ ಒಳ್ಳೆಯದೇ, ಆದರೆ ಇಂಟರ್ನೆಟ್ ತಂತಿಯನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಫೈಬರ್ ಗಾಜಿನದು, ಅದರಲ್ಲಿ ಕರೆಂಟು ಹರಿಯದು ನಿಜ. ಆದರೆ ರೌಟರಿನಿಂದ ಕಂಪ್ಯೂಟರಿಗೆ ಬರುವುದು ತಾಮ್ರ, ರೌಟರಿನ ಅಡಾಪ್ಟರು ಗೋಡೆಗೇ ಸಿಕ್ಕಿಸಿರುತ್ತದೆ. ಅವೆರಡನ್ನೂ ಕಿತ್ತಿಡಿ.