‘ಅಲ್ವಾ’ ಒಂದೇ, ಇಂಗ್ಲಿಷಲ್ಲಿ ಹತ್ತು: ಮನೆಯ ಹತ್ತನೇ ಕ್ಲಾಸಿನವರನ್ನು ಇಂಗ್ಲಿಷ್ ಪೇಪರಿಗೆ ತಯಾರು ಮಾಡೋದು ಹೇಗೆ?

ಇವತ್ತಿನ ಸಂಚಿಕೆ ಹತ್ತನೇ ಕ್ಲಾಸಿನ ಮಕ್ಕಳಿಗಲ್ಲ, ಅವರ ಅಣ್ಣ-ಅಕ್ಕಂದಿರಿಗೆ. ಅಂದ್ರೆ ಡಿಗ್ರಿ ಓದ್ತಾ ಇರೋ, ಇಲ್ಲಾ ಕೆಲಸ ಹುಡುಕ್ತಾ ಇರೋ, ‘ನೀನಾದ್ರೂ ತಮ್ಮಂಗೆ ಸ್ವಲ್ಪ ಇಂಗ್ಲಿಷ್ ಹೇಳ್ಕೊಡು’ ಅಂತ ಅಮ್ಮನಿಂದ ದಿನಾ ಹೇಳಿಸ್ಕೊಳ್ಳೋ ನಿಮಗೆ.

ನಾನು ಬಿ.ಕಾಂ. ಓದಿದವಳು, ಟೀಚರ್ ಅಲ್ಲ. ಅಂಕೋಲಾ ಪೇಟೆಗೆ ಹತ್ತಿಕೊಂಡೇ ಇರುವ ಬೊಬ್ರುವಾಡದಲ್ಲಿ, ಸಂಜೆ ಹೊತ್ತು ನಮ್ಮನೆ ಜಗಲಿಗೆ ಅಕ್ಕಪಕ್ಕದ ನಾಲ್ಕೈದು ಮಕ್ಕಳು ಬರ್ತಾರೆ. ಎಲ್ಲರೂ ಕನ್ನಡ ಮಾಧ್ಯಮ. ಕೆಲವರು ಮನೆಯಲ್ಲಿ ಕೊಂಕಣಿ ಮಾತಾಡ್ತಾರೆ, ಹಾಗಾಗಿ ಅವರಿಗೆ ಶಾಲೆಯ ಕನ್ನಡವೇ ಎರಡನೇ ಭಾಷೆ, ಇಂಗ್ಲಿಷ್ ಮೂರನೆಯದು. ಈ ಮಕ್ಕಳ ಜೊತೆ ಕೂತು ನಾನು ಕಂಡುಕೊಂಡದ್ದನ್ನು ಒಂದೇ ಸಾಲಲ್ಲಿ ಹೇಳೋದಾದ್ರೆ, ಇಂಗ್ಲಿಷ್ ಪರೀಕ್ಷೆಗೆ ತಯಾರಿ ಅಂದ್ರೆ ಹೆಚ್ಚು ಓದಿಸೋದಲ್ಲ, ದಿನಾ ನಾಲ್ಕು ಸಾಲು ಅವರದೇ ಮಾತು ಬರೆಸೋದು.

ಈಗ ಯಾಕೆ ಈ ಮಾತು?

2024ರಿಂದ ಎಸ್‌ಎಸ್‌ಎಲ್‌ಸಿ ಪರೀಕ್ಷಾ ಕೇಂದ್ರಗಳಿಗೆ ವೆಬ್‌ಕಾಸ್ಟಿಂಗ್ ಬಂತು. ಕೊಠಡಿಯಲ್ಲಿ ಕ್ಯಾಮೆರಾ ಇರುತ್ತೆ. 2023ರಲ್ಲಿ ರಾಜ್ಯದ ಫಲಿತಾಂಶ ಶೇ. 83.89 ಇತ್ತು. 2024ರಲ್ಲಿ, ಗ್ರೇಸ್ ಅಂಕ ಕೊಟ್ಟ ಮೇಲೂ, ಶೇ. 73.40ಕ್ಕೆ ಇಳೀತು. 2025ರಲ್ಲಿ ಆ ಗ್ರೇಸ್ ಇರಲಿಲ್ಲ. ರೆಗ್ಯುಲರ್ ವಿದ್ಯಾರ್ಥಿಗಳ ಫಲಿತಾಂಶ ಶೇ. 66.14. ನಮ್ಮ ಉತ್ತರ ಕನ್ನಡ ಆ ವರ್ಷ ರಾಜ್ಯಕ್ಕೆ ಮೂರನೇ ಸ್ಥಾನದಲ್ಲಿತ್ತು ಅನ್ನೋದು ಸಮಾಧಾನವೇ. ಆದ್ರೆ ಜಿಲ್ಲೆ ಮೂರನೇದು ಬಂದ್ರೆ ಇಂಗ್ಲಿಷಲ್ಲಿ ಹೋದ ಹುಡುಗಿಗೆ ಎಂತ ಆಯ್ತು?

2025–26ರಿಂದ ಪಾಸ್ ನಿಯಮ ಸ್ವಲ್ಪ ಸಡಿಲ ಆಗಿದೆ. 625ಕ್ಕೆ ಒಟ್ಟು 206 ಬರಬೇಕು, ಪ್ರತಿ ವಿಷಯದಲ್ಲೂ ಕನಿಷ್ಠ ಶೇ. 30 ಇರಬೇಕು. ಗಮನಿಸಿ, ಗಣಿತದಲ್ಲಿ 80 ತೆಗೆದ್ರೂ ಇಂಗ್ಲಿಷಲ್ಲಿ 25 ಬಂದ್ರೆ ಆಗಲ್ಲ. ಪರೀಕ್ಷೆ-2 ಅಂತ ಮತ್ತೆ ಬರೆಯೋ ಅವಕಾಶ ಇದೆ, ನಿಜ. ಆದ್ರೆ ಅಷ್ಟರಲ್ಲಿ ಕೆಲವು ಹುಡುಗರು ಬೋಟಿಗೆ, ಇಲ್ಲಾ ಗೋವಾದ ಯಾವುದೋ ಅಂಗಡಿಗೆ ಹೋಗಿರ್ತಾರೆ. ಒಮ್ಮೆ ಕೈಗೆ ಸಂಬಳ ಬಂದವರನ್ನು ಮತ್ತೆ ಬೆಂಚಿಗೆ ಕರೆತರೋದು ಕಷ್ಟ.

ನಮ್ಮ ತಾಲೂಕಲ್ಲಿ ಶಾಲೆ-ಕಾಲೇಜು ಸುಮ್ಮನೆ ಬಂದದ್ದಲ್ಲ. ಚುಟುಕು ಕವಿ ಅಂತ ನಾವೆಲ್ಲ ಓದಿರೋ ದಿನಕರ ದೇಸಾಯಿ 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ, ಜಿಲ್ಲೆಯ ಬಡ ಮಕ್ಕಳಿಗೆ ಹೈಸ್ಕೂಲು ಹತ್ತಿರಕ್ಕೆ ತಂದರು. ಅಂಕೋಲೆಯ ಗೋಖಲೆ ಸೆಂಟಿನರಿ ಕಾಲೇಜು 1966ರದ್ದು. ಕಾಲೇಜು ಕಣ್ಣಳತೆಯಲ್ಲಿದ್ದೂ ಒಂದು ಪೇಪರಿನಿಂದ ಮಗು ಹತ್ತನೇ ಕ್ಲಾಸಿಗೇ ನಿಂತ್ರೆ ಅದು ದೊಡ್ಡ ನಷ್ಟ.

ಮೊದಲು ಪೇಪರ್ ನೋಡಿ

ಇಂಗ್ಲಿಷ್ ದ್ವಿತೀಯ ಭಾಷೆ. 80 ಅಂಕ ಲಿಖಿತ, 20 ಆಂತರಿಕ. ಪರೀಕ್ಷಾ ಮಂಡಳಿಯ ವೆಬ್‌ಸೈಟಲ್ಲಿ ಮಾದರಿ ಪ್ರಶ್ನೆಪತ್ರಿಕೆ ಸಿಗುತ್ತೆ, ಮೊದಲು ಅದನ್ನ ಪ್ರಿಂಟ್ ಮಾಡಿಸಿ. ಕಾಮರ್ಸ್‌ನವರಿಗೆ ಬ್ಯಾಲೆನ್ಸ್ ಶೀಟ್ ಓದದೆ ಕಂಪನಿ ಬಗ್ಗೆ ಮಾತಾಡಬಾರದು ಅಂತ ಹೇಳ್ಕೊಡ್ತಾರೆ. ಇದೂ ಹಾಗೇ.

ಪೆನ್ಸಿಲ್ ಹಿಡಿದು ಪ್ರಶ್ನೆಗಳನ್ನು ಎರಡು ಗುಂಪು ಮಾಡಿ. ಒಂದು, ಪಾಠ-ಪದ್ಯ ಓದಿದ್ರೆ ಮಾತ್ರ ಬರೆಯೋಕೆ ಆಗೋದು. ಇನ್ನೊಂದು, ಪಾಠ ಮರೆತಿದ್ರೂ ಬರೆಯಬಹುದಾದದ್ದು. ಎರಡನೇ ಗುಂಪಲ್ಲಿ ಕೊಟ್ಟ ಪ್ಯಾಸೇಜ್ ಓದಿ ಉತ್ತರಿಸೋದು, ಪತ್ರ, ಪ್ರಬಂಧ, ಸುಳಿವು ಕೊಟ್ಟ ಕಥೆ, ವ್ಯಕ್ತಿ ಪರಿಚಯ, ಚಿತ್ರ ವರ್ಣನೆ ಬರುತ್ತೆ. ಇವೇ ಸೇರಿ ಇಪ್ಪತ್ತು ಅಂಕ ದಾಟುತ್ತೆ. ವ್ಯಾಕರಣದ ಒಂದೊಂದು ಅಂಕದ ಪ್ರಶ್ನೆಗಳು ಬೇರೆ. ದಡ ಸೇರಿಸೋ ಅಂಕ ಇಲ್ಲೇ ಇದೆ, ಆದ್ರೆ ಮಕ್ಕಳು ಖಾಲಿ ಬಿಡೋದೂ ಇದನ್ನೇ. ಯಾಕಂದ್ರೆ ಗೈಡಲ್ಲಿ ‘ಉತ್ತರ’ ಇರೋದು ಪಾಠದ ಪ್ರಶ್ನೆಗೆ. ಪತ್ರಕ್ಕೆ ಉತ್ತರ ಇರಲ್ಲ, ಬರೆಯಬೇಕು.

ಶಾಲೆಗಳಲ್ಲಿ ಕೊಡೋ ‘ಪಾಸಿಂಗ್ ಪ್ಯಾಕೇಜ್’ ಬೇಡ ಅಂತ ನಾನು ಹೇಳಲ್ಲ. ಅದರಲ್ಲಿರೋ ಪ್ರಬಂಧವನ್ನ ಬಾಯಿಪಾಠ ಮಾಡಿಸಿದ್ರೆ ಮಾತ್ರ ತೊಂದರೆ. ಮೂರನೇ ಸಾಲಿನ ಒಂದು ಪದ ಮರೆತ್ರೆ ಆರು ಸಾಲೂ ಹೋಯ್ತು. ಅವರೇ ಕಟ್ಟಿದ ವಾಕ್ಯ ಹಾಗಲ್ಲ, ಒಂದು ಪದ ಮರೆತ್ರೆ ಇನ್ನೊಂದು ಹಾಕ್ತಾರೆ.

ತಪ್ಪು ಎಲ್ಲಿಂದ ಬರುತ್ತೆ?

ನಮ್ಮ ಮಕ್ಕಳು ಇಂಗ್ಲಿಷಲ್ಲಿ ಮಾಡೋ ತಪ್ಪುಗಳಿಗೆ ಲೆಕ್ಕ ಇದೆ. ಬಹಳಷ್ಟು ತಪ್ಪುಗಳು ಕನ್ನಡದಿಂದ ನೇರ ಇಳಿದು ಬಂದದ್ದು.

ಕ್ವೆಶ್ಚನ್ ಟ್ಯಾಗ್ ತಗೊಳ್ಳಿ. ಕನ್ನಡದಲ್ಲಿ ಎಲ್ಲದಕ್ಕೂ ಒಂದೇ, ‘ಅಲ್ವಾ’. ‘ಅವಳು ಬಂದ್ಲು ಅಲ್ವಾ’, ‘ಅವರು ಬರ್ತಾರೆ ಅಲ್ವಾ’, ‘ಮಳೆ ಜೋರು ಅಲ್ವಾ’. ಕೊಂಕಣಿಯಲ್ಲೂ ಹೆಚ್ಚುಕಡಿಮೆ ಹಾಗೇ. ಅದಕ್ಕೇ ಮಕ್ಕಳು ಎಲ್ಲಾ ಕಡೆ ‘ಇಸಂಟ್ ಇಟ್’ ಅಂತ ಹಾಕಿ ಬರ್ತಾರೆ. ಇಂಗ್ಲಿಷಲ್ಲಿ ಮುಂದಿನ ಕ್ರಿಯಾಪದ ನೋಡಿ ‘ಅಲ್ವಾ’ ಬದಲಾಗುತ್ತೆ.

ಇನ್ನು ಪ್ರಶ್ನೆ ಮಾಡೋದು. ಕನ್ನಡದಲ್ಲಿ ವಾಕ್ಯದ ಬಾಲಕ್ಕೆ ‘ಆ’ ಸೇರಿಸಿದ್ರೆ ಮುಗೀತು. ‘ಬಂದ್ಲು’ ಅನ್ನೋದು ‘ಬಂದ್ಲಾ?’ ಆಗುತ್ತೆ. ಇಂಗ್ಲಿಷಲ್ಲಿ ಒಂದು ಸಹಾಯಕ ಕ್ರಿಯಾಪದ ಎದ್ದು ಮುಂದೆ ಬರಬೇಕು. ಇದನ್ನು ನಾನು ಹೇಳ್ಕೊಡೋದು ಚಿಲ್ಲರೆ ಲೆಕ್ಕದಲ್ಲಿ. ‘ವೆಂಟ್’ ಅನ್ನೋದು ಒಂದು ನೋಟು. ಚಿಲ್ಲರೆ ಮಾಡಿಸಿದ್ರೆ ‘ಡಿಡ್’ ಮತ್ತೆ ‘ಗೋ’. ‘ಗೋಸ್’ ಇನ್ನೊಂದು ನೋಟು. ಅದರ ಚಿಲ್ಲರೆ ‘ಡಸ್’ ಮತ್ತೆ ‘ಗೋ’. ಸಾದಾ ವಾಕ್ಯಕ್ಕೆ ನೋಟೇ ಸಾಕು: ‘ಶೀ ವೆಂಟ್ ಟು ಕಾರವಾರ’. ಪ್ರಶ್ನೆ ಮಾಡಬೇಕಾದ್ರೆ ಚಿಲ್ಲರೆ ಬೇಕು: ‘ವೇರ್ ಡಿಡ್ ಶೀ ಗೋ?’ ಇಲ್ಲ ಅನ್ನೋದಕ್ಕೂ ಚಿಲ್ಲರೆ: ‘ಶೀ ಡಿಡಂಟ್ ಗೋ’. ಟ್ಯಾಗಿಗೂ ಚಿಲ್ಲರೆ: ‘ಶೀ ವೆಂಟ್ ಟು ಕಾರವಾರ, ಡಿಡಂಟ್ ಶೀ?’ ನೋಟು ಒಡೆದ ಮೇಲೆ ಮತ್ತೆ ಇಡೀ ನೋಟು ಕೊಡೋಕಾಗಲ್ಲ. ಅದಕ್ಕೇ ‘ಡಿಡ್ ಯು ವೆಂಟ್’ ತಪ್ಪು.

ಆದ್ರೆ ‘ಈಸ್’, ‘ವಾಸ್’, ‘ಕ್ಯಾನ್’, ‘ವಿಲ್’ ಇವೆಲ್ಲ ಮೊದಲೇ ಚಿಲ್ಲರೆ. ಒಡೆಯೋದು ಬೇಡ, ಎತ್ತಿ ಮುಂದೆ ಇಟ್ರೆ ಸಾಕು. ಈ ಒಂದು ಲೆಕ್ಕ ಕೂತ್ರೆ ಪೇಪರಿನ ಟ್ಯಾಗ್, ಗೆರೆ ಎಳೆದ ಪದ ಉತ್ತರವಾಗೋ ಹಾಗೆ ಪ್ರಶ್ನೆ ಮಾಡೋದು, ತಪ್ಪು ತಿದ್ದೋ ಪ್ಯಾರಾ, ಮೂರೂ ಕಡೆ ಕೆಲಸಕ್ಕೆ ಬರುತ್ತೆ.

ಮೂರನೆಯದು ನಮ್ಮ ‘ಅಂತ’. ‘ನಾ ನಾಳೆ ಬರ್ತೆ ಅಂತ ಅವ್ನು ಹೇಳ್ದ.’ ಕನ್ನಡದಲ್ಲಿ ಅವನ ಮಾತನ್ನ ಹಾಗೇ ಇಟ್ಟು, ಪಕ್ಕಕ್ಕೆ ‘ಅಂತ’ ಇಡ್ತೀವಿ. ‘ನಾನು’ ಅನ್ನೋದು ‘ನಾನು’ ಆಗೇ ಉಳಿಯುತ್ತೆ. ಇಂಗ್ಲಿಷಲ್ಲಿ ಈಗ ಹೇಳ್ತಿರೋರ ಕಡೆಯಿಂದ ಎಲ್ಲ ಬದಲಾಗುತ್ತೆ. ‘ಐ’ ಹೋಗಿ ‘ಹೀ’, ‘ವಿಲ್’ ಹೋಗಿ ‘ವುಡ್’, ‘ಟುಮಾರೋ’ ಹೋಗಿ ‘ದ ನೆಕ್ಸ್ಟ್ ಡೇ’. ನಿಯಮದ ಪಟ್ಟಿ ಕೊಡೋ ಮೊದಲು ಇದು ಯಾಕೆ ಅಂತ ಹೇಳಿ. ಎರಡು ಭಾಷೆಯ ಅಭ್ಯಾಸ ಬೇರೆ ಅಂತ ತಿಳಿದ್ರೆ ‘ನಾನು ದಡ್ಡಿ’ ಅನ್ನೋ ಭಾವನೆ ಅರ್ಧ ಹೋಗುತ್ತೆ.

ನಮ್ಮೂರನ್ನೇ ಬರೆಸಿ

ವ್ಯಕ್ತಿ ಪರಿಚಯಕ್ಕೆ ಪೇಪರಲ್ಲಿ ಸುಳಿವು ಕೊಡ್ತಾರೆ. ಊರು, ವಯಸ್ಸು, ವಿದ್ಯೆ, ಕೆಲಸ, ಸಾಧನೆ, ಹೀಗೆ. ಅವನ್ನು ವಾಕ್ಯ ಮಾಡಬೇಕು ಅಷ್ಟೇ. ಅಭ್ಯಾಸಕ್ಕೆ ನಾನು ಮೊದಲು ಕೊಡೋದು ನಮ್ಮ ತಾಲೂಕಿನ ಹೊನ್ನಳ್ಳಿಯ ತುಳಸಿ ಗೌಡರನ್ನ. ಸುಳಿವು ಇಷ್ಟು: ಹೊನ್ನಳ್ಳಿ, ಹಾಲಕ್ಕಿ ಸಮುದಾಯ, ಶಾಲೆಗೆ ಹೋಗಿಲ್ಲ, ಅರಣ್ಯ ಇಲಾಖೆಯ ನರ್ಸರಿಯಲ್ಲಿ ಕೆಲಸ, 2020ರ ಪದ್ಮಶ್ರೀ, 2024ರ ಡಿಸೆಂಬರಲ್ಲಿ ನಿಧನ.

ಮೊದಲ ವಾಕ್ಯದಲ್ಲೇ ಚರ್ಚೆ ಶುರು. ‘ಈಸ್’ ಹಾಕೋದಾ ‘ವಾಸ್’ ಹಾಕೋದಾ? ಅವರು ಈಗಿಲ್ಲ, ಹಾಗಾಗಿ ‘ವಾಸ್’. ‘ತುಳಸಿ ಗೌಡ ವಾಸ್ ಫ್ರಮ್ ಹೊನ್ನಳ್ಳಿ. ಶೀ ಡಿಡ್ ನಾಟ್ ಗೋ ಟು ಸ್ಕೂಲ್.’ ಇಲ್ಲಿ ನೋಡಿ, ಚಿಲ್ಲರೆ ಲೆಕ್ಕ ತಾನಾಗಿ ಬಂತು. ಬರಿಗಾಲಲ್ಲೇ ರಾಷ್ಟ್ರಪತಿ ಭವನಕ್ಕೆ ಹೋಗಿ ಪ್ರಶಸ್ತಿ ತಗೊಂಡ ಫೋಟೋ ಎಲ್ಲರ ಫೋನಲ್ಲೂ ಓಡಾಡಿತ್ತು. ಅದನ್ನೇ ತೋರಿಸಿ ಚಿತ್ರ ವರ್ಣನೆನೂ ಬರೆಸಬಹುದು. ಅದಾದ ಮೇಲೆ ಬಡಗೇರಿಯ ಸುಕ್ರಿ ಬೊಮ್ಮಗೌಡರು, 2017ರ ಪದ್ಮಶ್ರೀ. ಆಮೇಲೆ ಮನೆಯ ಅಜ್ಜಿ.

ಪ್ರಬಂಧಕ್ಕೆ 2023ರಲ್ಲಿ ಜಿಐ ಟ್ಯಾಗ್ ಸಿಕ್ಕ ನಮ್ಮ ಕರಿ ಈಶಾಡು ಮಾವು, ಇಲ್ಲಾ 1930ರ ಅಂಕೋಲೆಯ ಉಪ್ಪಿನ ಸತ್ಯಾಗ್ರಹ. ಪತ್ರಕ್ಕೆ ಬಸ್ ಟೈಮಿನ ದೂರು. ಪರೀಕ್ಷೆಯಲ್ಲಿ ಇವೇ ಬರುತ್ತೆ ಅಂತಲ್ಲ. ಗೊತ್ತಿರೋ ವಿಷಯ ಬರೆಯೋವಾಗ ತಲೆ ಪೂರ್ತಿ ವಾಕ್ಯದ ಮೇಲೇ ಇರುತ್ತೆ. ವಾಕ್ಯ ಕಟ್ಟೋದು ಬಂದ ಮೇಲೆ ಪರಿಸರ ಮಾಲಿನ್ಯ ಕೊಟ್ರೂ ಬರೀತಾರೆ.

ಪದ್ಯದ್ದು ಒಂದು ಮಾತು. ಬಾಯಿಪಾಠದ ಸಾಲುಗಳನ್ನ ಹೇಳಿಸಿ ಸುಮ್ಮನಾಗಬೇಡಿ, ಬರೆಸಿ. ಬಾಯಲ್ಲಿ ಸರಿ ಇದ್ದದ್ದು ಕೈಯಲ್ಲಿ ಸ್ಪೆಲ್ಲಿಂಗ್ ತಪ್ಪಾಗಿ ಬರುತ್ತೆ. ಪುಸ್ತಕದಲ್ಲಿರೋ ‘ದ ಸಾಂಗ್ ಆಫ್ ಇಂಡಿಯಾ’ ಬರೆದವರು ನಮ್ಮ ವಿ.ಕೃ. ಗೋಕಾಕರು, ಕನ್ನಡದ ‘ವಿನಾಯಕ’, ಇಂಗ್ಲಿಷ್ ಪ್ರೊಫೆಸರ್ ಆಗಿದ್ದವರು ಅಂತ ಹೇಳಿ. ಎರಡು ಭಾಷೆಯಲ್ಲೂ ಬರೆದ ಕನ್ನಡಿಗ ಪುಸ್ತಕದಲ್ಲೇ ಇದ್ದಾರೆ ಅಂತ ಗೊತ್ತಾದ್ರೆ ಮಕ್ಕಳು ಪದ್ಯದ ಕಡೆ ಇನ್ನೊಮ್ಮೆ ನೋಡ್ತಾರೆ.

ದಿನಕ್ಕೆ 40 ನಿಮಿಷ

ಮೊದಲ ಹತ್ತು ನಿಮಿಷ ಪಾಠದ ಒಂದು ಪುಟ ಜೋರಾಗಿ ಓದಿಸಿ. ಅರ್ಥ ಕನ್ನಡದಲ್ಲೇ ಕೇಳಿ, ಆಗುತ್ತೆ. ಮುಂದಿನ ಇಪ್ಪತ್ತು ನಿಮಿಷ ಬರಹ. ಸೋಮವಾರ ಪತ್ರ, ಮಂಗಳವಾರ ವ್ಯಕ್ತಿ ಪರಿಚಯ, ಬುಧವಾರ ಕಥೆ, ಗುರುವಾರ ಪ್ಯಾಸೇಜ್, ಶುಕ್ರವಾರ ಪ್ರಬಂಧ, ಶನಿವಾರ ವ್ಯಾಕರಣ. ಕೊನೆಯ ಹತ್ತು ನಿಮಿಷ ತಿದ್ದೋದು.

ತಿದ್ದುವಾಗ ಒಂದು ದಿನಕ್ಕೆ ಒಂದೇ ತರದ ತಪ್ಪು ತಿದ್ದಿ. ಇವತ್ತು ಕಾಲದ ತಪ್ಪು ಮಾತ್ರ, ನಾಳೆ ‘ಎ’, ‘ದ’ ಬಿಟ್ಟದ್ದು ಮಾತ್ರ. ಇಡೀ ಪುಟ ಕೆಂಪು ಮಾಡಿದ್ರೆ ಮಗು ಮರುದಿನ ಜಗಲಿಗೆ ಬರಲ್ಲ. ತಿದ್ದಿದ ವಾಕ್ಯವನ್ನ ಅವರ ಕೈಯಲ್ಲೇ ಇನ್ನೊಮ್ಮೆ ಬರೆಸಿ. ಕಲಿಯೋದು ಆ ಎರಡನೇ ಸಲ.

ಪರೀಕ್ಷೆಗೆ ತಿಂಗಳಿದ್ದಾಗ, ಭಾನುವಾರಕ್ಕೊಂದು ಪೂರ್ತಿ ಮಾದರಿ ಪೇಪರ್. ಫೋನ್ ದೂರ ಇರಲಿ, ಗಡಿಯಾರ ಎದುರಿಗಿರಲಿ. ಮೊದಲ 15 ನಿಮಿಷ ಓದೋಕೆ ಅಂತಲೇ ಕೊಡ್ತಾರೆ. ಆಗ ಪತ್ರ, ಪ್ರಬಂಧದಲ್ಲಿ ಯಾವ ವಿಷಯ ಅಂತ ತೀರ್ಮಾನ ಆಗಿಬಿಡಬೇಕು. ಯಾವ ಪ್ರಶ್ನೆಯನ್ನೂ ಖಾಲಿ ಬಿಡಬಾರದು. ಪತ್ರದ ವಿಳಾಸ, ದಿನಾಂಕ, ವಿಷಯ, ಕೊನೆಯ ಸಹಿ ಸರಿಯಾಗಿದ್ರೆ ಒಳಗಿನ ವಾಕ್ಯ ತೊದಲಿದ್ರೂ ಒಂದಷ್ಟು ಅಂಕ ಬರುತ್ತೆ.

ಫಲಿತಾಂಶ ಬಂದ ಮೇಲೆ ಅನುಮಾನ ಇದ್ರೆ ಉತ್ತರಪತ್ರಿಕೆಯ ಸ್ಕ್ಯಾನ್ ಪ್ರತಿಗೆ ಅರ್ಜಿ ಹಾಕಬಹುದು. ಅಂಕ ಹೆಚ್ಚದಿದ್ರೂ ಎಲ್ಲಿ ಹೋಯ್ತು ಅಂತ ಕಣ್ಣಾರೆ ಕಾಣುತ್ತೆ. ಪರೀಕ್ಷೆ-2ಕ್ಕೆ ಅದಕ್ಕಿಂತ ಒಳ್ಳೆ ಗೈಡ್ ಇಲ್ಲ.

ನಿಮ್ಮ ಇಂಗ್ಲಿಷ್ ಅಷ್ಟೇನೂ ಚೆನ್ನಾಗಿಲ್ಲ ಅಂತ ಹಿಂಜರಿಯಬೇಡಿ. ಪಕ್ಕದಲ್ಲಿ ಕೂತು, ಬರೆದದ್ದನ್ನ ಓದೋರು ಒಬ್ಬರು ಬೇಕು, ಅಷ್ಟೇ. ಅನುಮಾನ ಬಂದ್ರೆ ಇಬ್ಬರೂ ಸೇರಿ ಡಿಕ್ಷನರಿ ನೋಡಿ, ಮರುದಿನ ಅವರ ಸರ್ ಹತ್ರ, ಮೇಡಂ ಹತ್ರ ಕೇಳಿಸಿ. ಇವತ್ತು ರಾತ್ರಿ ಊಟಕ್ಕೆ ಮೊದಲು ಒಂದು ಕೆಲಸ ಮಾಡಿ. ತಮ್ಮನಿಗೋ ತಂಗಿಗೋ ಒಂದು ಹಾಳೆ ಕೊಟ್ಟು, ಅಜ್ಜಿ ಬಗ್ಗೆ ಇಂಗ್ಲಿಷಲ್ಲಿ ನಾಲ್ಕು ವಾಕ್ಯ ಬರಿ ಅನ್ನಿ. ತಪ್ಪಿರಲಿ. ಆ ಹಾಳೆ ಎತ್ತಿಡಿ, ಮಾರ್ಚಲ್ಲಿ ಮತ್ತೆ ಅದನ್ನೇ ಬರೆಸಿ ಪಕ್ಕಕ್ಕಿಟ್ಟು ನೋಡಿ.