ದೊಡ್ಡ ಗಾಲಿಗೆ ಎಷ್ಟು ಜಾಗ ಬೇಕು?

19ನೆಯ ಶತಮಾನದಲ್ಲಿ ಧಾರವಾಡ ಸೀಮೆಯ ಹತ್ತಿಯು ಎತ್ತಿನ ಗಾಡಿಗಳಲ್ಲಿ ಘಟ್ಟವನ್ನಿಳಿದು ಕುಮಟಾ ಬಂದರನ್ನು ಸೇರುತ್ತಿತ್ತು. ಎತ್ತಿನ ಗಾಡಿಯ ಗಾಲಿಯು ಎದೆಯೆತ್ತರ ಇರುವುದು ಅಂದಕ್ಕಾಗಿ ಅಲ್ಲ. ಗಾಲಿಯು ದೊಡ್ಡದಾದಷ್ಟೂ ಕಲ್ಲು ಕೊರಕಲುಗಳನ್ನು ದಾಟಲು ಬೇಕಾಗುವ ಬಲ ಕಡಮೆ. 10 ಸೆಂ.ಮೀ. ಎತ್ತರದ ಕಲ್ಲೊಂದು ಗಾಲಿಗೆ ಅಡ್ಡವಾಗಿದೆ, ಗಾಲಿಯ ಮೇಲಿನ ಭಾರ 100 ಕಿಲೋಗ್ರಾಂ ಎಂದು ಭಾವಿಸೋಣ. 150 ಸೆಂ.ಮೀ. ವ್ಯಾಸದ ಗಾಲಿಯಾದರೆ, ಅಚ್ಚನ್ನು ಸುಮಾರು 58 ಕಿಲೋಗ್ರಾಂ ತೂಕದಷ್ಟು ಬಲದಿಂದ ಎಳೆದಾಗ ಅದು ಕಲ್ಲನ್ನೇರಲು ತೊಡಗುತ್ತದೆ. 69 ಸೆಂ.ಮೀ. ವ್ಯಾಸದ ಗಾಲಿಗಾದರೆ ಸುಮಾರು 99 ಕಿಲೋಗ್ರಾಂ ಬೇಕು.

ಭಟ್ಕಳ, ಹೊನ್ನಾವರ, ಕುಮಟಾ ತಾಲ್ಲೂಕುಗಳಲ್ಲಿ ಜೀಪಿನ ಜಾತಿಯ ವಾಹನವುಳ್ಳವರು ದೊಡ್ಡ ಟೈರಿಗೆ ಆಶೆಪಡುವುದು ಇದೇ ಕಾರಣದಿಂದ. ಶಿರಸಿಗೆ ಹೋಗುವ ದೇವಿಮನೆ ಘಟ್ಟ, ಜೋಗಕ್ಕೆ ಹೋಗುವ ಗೇರುಸೊಪ್ಪೆಯ ದಾರಿ, ಸಾಗರದ ಕಡೆಗೆ ಏರುವ ಕೋಗಾರು ಘಟ್ಟ ಇವು ಡಾಂಬರಿನ ರಸ್ತೆಗಳೇ. ಆದರೆ ಅವುಗಳಿಂದ ಅಡಕೆಯ ತೋಟಗಳಿಗೆ ಕವಲೊಡೆಯುವ ದಾರಿಗಳಲ್ಲಿ ಚಿರೆಕಲ್ಲೂ ಕೆಮ್ಮಣ್ಣೂ ಕೂಡಿವೆ. ವರ್ಷಕ್ಕೆ 3000 ಮಿ.ಮೀ.ಗೂ ಮಿಕ್ಕಿ ಸುರಿಯುವ ಮಳೆಯಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ ಬಿದ್ದು ಆ ದಾರಿಗಳನ್ನು ಕೊರೆದುಬಿಡುತ್ತದೆ.

ಎತ್ತಿನ ಗಾಡಿಯ ಗಾಲಿ ಮರದ ಚೌಕಟ್ಟಿಗೆ ಉಜ್ಜುವುದಿಲ್ಲ. ಅದಕ್ಕೆ ಸ್ಪ್ರಿಂಗಿಲ್ಲ, ತಿರುಗಬೇಕಾದರೆ ಇಡಿಯ ಗಾಡಿಯೇ ತಿರುಗುತ್ತದೆ. ಆದುದರಿಂದ ಗಾಲಿಗೂ ಗಾಡಿಗೂ ನಡುವಣ ಅಂತರ ಎಂದೂ ಬದಲಾಗದು. ಜೀಪಿನ ಮುಂಗಾಲಿಯಾದರೋ ತನ್ನ ಸುತ್ತ ತಾನು ತಿರುಗುವುದಲ್ಲದೆ ಎಡಬಲಕ್ಕೆ ಹೊರಳುತ್ತದೆ, ಮೇಲೆ ಕೆಳಗೆ ಆಡುತ್ತದೆ. ನಿಂತ ವಾಹನದಲ್ಲಿ ಟೈರಿಗೂ ಮಡ್‌ಗಾರ್ಡಿಗೂ ನಡುವೆ ಕೈ ತೂರುವಷ್ಟು ಜಾಗ ಕಂಡರೆ ಅದು ಸಾಕೆಂದು ತಿಳಿಯಕೂಡದು. ಗಾಲಿಯು ಚಲಿಸುವಾಗ ಆಕ್ರಮಿಸುವ ಒಟ್ಟು ಜಾಗವೇ ಅದಕ್ಕೆ ಬೇಕಾದ ಜಾಗ.

ಒಂದು ಲೆಕ್ಕವನ್ನು ಮಾಡಿ ನೋಡೋಣ. ಭಾರತದ ಮಾರುಕಟ್ಟೆಗೆ 2023ರಲ್ಲಿ ಬಂದ ಮಾರುತಿ ಸುಜುಕಿ ಜಿಮ್ನಿಯ ಟೈರಿನ ಅಳತೆ 195/80 ಆರ್ 15. ಇಲ್ಲಿ 195 ಎಂಬುದು ಮಿ.ಮೀ.ಗಳಲ್ಲಿ ಟೈರಿನ ಅಗಲ. 80 ಎಂದರೆ ಪಕ್ಕದ ಗೋಡೆಯ ಎತ್ತರವು ಅಗಲದ ನೂರಕ್ಕೆ 80 ಭಾಗ. ‘ಆರ್’ ಎಂಬುದು ರೇಡಿಯಲ್ ರಚನೆಯ ಗುರುತು. 15 ಎಂಬುದು ಅಂಗುಲಗಳಲ್ಲಿ ರಿಮ್ಮಿನ ವ್ಯಾಸ. ಗೋಡೆಯ ಎತ್ತರ 156 ಮಿ.ಮೀ., ಅದರ ಎರಡರಷ್ಟು 312. ರಿಮ್ಮಿನ 381ನ್ನು ಕೂಡಿಸಿದರೆ ಒಟ್ಟು ವ್ಯಾಸ 693 ಮಿ.ಮೀ. ಇದರ ಬದಲಿಗೆ 235/75 ಆರ್ 15 ಟೈರನ್ನು ತೊಡಿಸಿದರೆ ವ್ಯಾಸ 733.5 ಮಿ.ಮೀ. ಆಗುತ್ತದೆ. ಹೆಚ್ಚಿದ್ದು 40.5 ಮಿ.ಮೀ. ಆದರೂ ನೆಲದಿಂದ ಅಚ್ಚು ಮೇಲೇರುವುದು ಅದರ ಅರ್ಧ, ಎಂದರೆ 20 ಮಿ.ಮೀ. ಮಾತ್ರ. ಅಗಲವು 40 ಮಿ.ಮೀ. ಹೆಚ್ಚಿ, ಒಳಕ್ಕೆ 20, ಹೊರಕ್ಕೆ 20 ಚಾಚಿಕೊಳ್ಳುತ್ತದೆ. ಅಗಲವಾದ ಟೈರಿಗೆ ತಕ್ಕ ಅಗಲದ ರಿಮ್ಮೂ ಬೇಕು. ಇದನ್ನು ಟೈರು ತಯಾರಕರ ಪಟ್ಟಿಯಲ್ಲಿ ನೋಡಿಕೊಳ್ಳಬೇಕು.

ಉಜ್ಜುವ ಸ್ಥಳಗಳು ಮುಖ್ಯವಾಗಿ ಮೂರು. ಸ್ಟೀಯರಿಂಗನ್ನು ಪೂರ್ತಿ ತಿರುಗಿಸಿದಾಗ ಟೈರಿನ ಹೊರ ಅಂಚು ಬಂಪರಿನ ತುದಿಗೆ ತಾಗುತ್ತದೆ. ಒಳ ಅಂಚು ಚಾಸಿಗೆ, ಇಲ್ಲವೆ ಆಕ್ಸಲನ್ನು ಹಿಡಿದಿರುವ ಕಬ್ಬಿಣದ ತೋಳಿಗೆ ತಾಗುತ್ತದೆ. ಗಾಲಿ ಗುಂಡಿಗೆ ಬಿದ್ದು ಸ್ಪ್ರಿಂಗು ಕುಗ್ಗಿದಾಗ ಟೈರಿನ ನೆತ್ತಿ ಮಡ್‌ಗಾರ್ಡಿನ ಒಳಹೊದಿಕೆಗೆ ತಾಗುತ್ತದೆ. ಒಳಪಕ್ಕದ ಉಜ್ಜುವಿಕೆಯೇ ಇವುಗಳಲ್ಲಿ ಅತ್ಯಂತ ಅಪಾಯಕರ. ಬ್ರೇಕಿನ ದ್ರವವನ್ನು ಒಯ್ಯುವ ರಬ್ಬರ್ ಕೊಳವೆ ಇರುವುದು ಆ ಪಕ್ಕದಲ್ಲಿ. ಅದು ಸವೆದು ಒಡೆಯುವುದು ಬ್ರೇಕನ್ನು ಬಲವಾಗಿ ಒತ್ತಿದಾಗ, ಬಹುಶಃ ಘಟ್ಟದ ಇಳಿಜಾರಿನಲ್ಲಿ.

ಪರಿಹಾರವಾಗಿ ಅನೇಕರು ಉದ್ದನೆಯ ಸ್ಪ್ರಿಂಗುಗಳನ್ನು ಹಾಕಿಸಿ ವಾಹನವನ್ನು ಎತ್ತರಿಸುತ್ತಾರೆ. ಇದರಿಂದ ನಿಂತಾಗಿನ ಅಂತರ ಹೆಚ್ಚುವುದು ನಿಜ. ಆದರೆ ದೊಡ್ಡ ಗುಂಡಿಯಲ್ಲಿ ಸ್ಪ್ರಿಂಗು ಕೊನೆಯ ಮಿತಿಯವರೆಗೆ ಕುಗ್ಗಿದಾಗ ಗಾಲಿಯು ಮೊದಲಿನ ಸ್ಥಾನಕ್ಕೇ ಏರುತ್ತದೆ. ಆ ಮಿತಿಯನ್ನು ನಿರ್ಧರಿಸುವುದು ಸ್ಪ್ರಿಂಗಲ್ಲ. ಮೆಕ್ಯಾನಿಕರು ಬಂಪ್ ಸ್ಟಾಪ್ ಎಂದು ಕರೆಯುವ ರಬ್ಬರಿನ ಗಟ್ಟಿ. ಅದನ್ನೂ ಎತ್ತರಿಸದಿದ್ದರೆ ಉಜ್ಜುವುದು ತಪ್ಪದು. ರಿಮ್ಮು ಹಬ್ಬಿಗೆ ಕೂರುವ ಮುಖವನ್ನು ಬದಲಿಸಿ, ಎಂದರೆ ಆಫ್‌ಸೆಟ್ಟನ್ನು ಕಡಮೆಮಾಡಿ, ಗಾಲಿಯನ್ನು ಹೊರಕ್ಕೆ ಸರಿಸಿದರೆ ಒಳಗೆ ಜಾಗ ದೊರೆಯುತ್ತದೆ. ಆದರೆ ತಿರುಗುವಾಗ ಗಾಲಿ ಇನ್ನೂ ದೊಡ್ಡ ಕಮಾನಿನಲ್ಲಿ ಬೀಸಿ ಬಂಪರಿಗೆ ತಾಗುವ ಸಂಭವ ಹೆಚ್ಚುತ್ತದೆ. ಸ್ಟೀಯರಿಂಗಿನ ತಿರುವಿಗೆ ಮಿತಿ ಹಾಕಿದರೆ ಎರಡೂ ತಪ್ಪೀತು, ಆದರೆ ಘಟ್ಟದ ಕಡಿದಾದ ತಿರುವುಗಳಲ್ಲಿ ಒಮ್ಮೆಗೇ ಹೊರಳಲು ಆಗದು.

ಎತ್ತರಕ್ಕೆ ಬೇರೊಂದು ಬೆಲೆಯೂ ಉಂಟು. ಎಡಬಲ ಗಾಲಿಗಳ ನಡುವಣ ಅಂತರದ ಅರ್ಧವನ್ನು ಗುರುತ್ವಕೇಂದ್ರದ ಎತ್ತರದಿಂದ ಭಾಗಿಸಿದಾಗ ಬರುವ ಸಂಖ್ಯೆ ಕಡಮೆಯಾದಷ್ಟೂ ವಾಹನ ಉರುಳುವ ಭಯ ಹೆಚ್ಚು. ಉದಾಹರಣೆಗೆ, ಅಂತರ 140 ಸೆಂ.ಮೀ., ಎತ್ತರ 70 ಸೆಂ.ಮೀ. ಆದರೆ ಆ ಸಂಖ್ಯೆ 1. ಸ್ಪ್ರಿಂಗಿನಿಂದ 5, ಟೈರಿನಿಂದ 2 ಸೆಂ.ಮೀ. ಏರಿಸಿದರೆ ಅದು 0.91ಕ್ಕೆ ಇಳಿಯುತ್ತದೆ. ಬ್ರೇಕು ಗಾಲಿಯ ಮೇಲೆ ಹಾಕುವ ತಿರುಚುಬಲ ಮೊದಲಿನಷ್ಟೇ ಇದ್ದು ತ್ರಿಜ್ಯ ಹೆಚ್ಚಿದುದರಿಂದ, ಅದೇ ಒತ್ತಡಕ್ಕೆ ನೆಲದ ಮೇಲೆ ದೊರೆಯುವ ತಡೆಯು ನೂರಕ್ಕೆ ಐದಕ್ಕಿಂತ ತುಸು ಹೆಚ್ಚು ಕುಗ್ಗುತ್ತದೆ. ವೇಗಮಾಪಕ 60 ಕಿ.ಮೀ. ತೋರಿಸುವಾಗ ವಾಹನವು ಮೊದಲು ಹೋಗುತ್ತಿದ್ದುದಕ್ಕಿಂತ ನೂರಕ್ಕೆ ಸುಮಾರು ಆರರಷ್ಟು ವೇಗವಾಗಿ ಹೋಗುತ್ತಿರುತ್ತದೆ.

ಹಾಗಾದರೆ ಪರೀಕ್ಷಿಸುವ ಬಗೆ ಹೇಗೆ? ಸಮತಟ್ಟಾದ ನೆಲದಲ್ಲಿ ಒಂದು ಮುಂಗಾಲಿಯನ್ನೂ ಅದಕ್ಕೆ ಮೂಲೆಗೆ ಎದುರಾದ ಹಿಂಗಾಲಿಯನ್ನೂ ಗಟ್ಟಿಯಾದ ಅಟ್ಟಣೆಗಳ ಮೇಲೆ ನಿಧಾನವಾಗಿ ಏರಿಸಬೇಕು. ಆಗ ಒಂದು ಗಾಲಿ ಮೇಲಕ್ಕೂ ಇನ್ನೊಂದು ಕೆಳಕ್ಕೂ ತನ್ನ ಮಿತಿಯತ್ತ ಹೋಗುತ್ತದೆ. ಉಜ್ಜಬಹುದಾದ ಸ್ಥಳಗಳಿಗೆ ಮೊದಲೇ ಸೀಮೆಸುಣ್ಣ ಬಳಿದಿದ್ದು, ಸ್ಟೀಯರಿಂಗನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಯವರೆಗೆ ತಿರುಗಿಸಿದರೆ ಟೈರಿನ ಮೇಲೆ ಮೂಡುವ ಬಿಳಿಯ ಗುರುತೇ ಎಲ್ಲವನ್ನೂ ಹೇಳುತ್ತದೆ. ಈ ಕೆಲಸವನ್ನು ಅನುಭವವುಳ್ಳ ಮೆಕ್ಯಾನಿಕರ ಎದುರಿಗೆ ಮಾಡಬೇಕು. ಅಟ್ಟಣೆಯ ಮೇಲಿರುವ ವಾಹನದ ಅಡಿಯಲ್ಲಿ ಯಾರೂ ನುಸುಳಬಾರದು. ಗುರುತು ಬೀಳದಿದ್ದರೂ ಒಂದೆರಡು ಬೆರಳಿನಷ್ಟು ಅಂತರ ಉಳಿದಿರಬೇಕು. ಆಷಾಢದ ಕೆಸರು ಚಿರೆಕಲ್ಲಿನ ಹರಳುಗಳೊಡನೆ ಮಡ್‌ಗಾರ್ಡಿನ ಒಳಗೆ ಮೆತ್ತಿಕೊಂಡು ಆ ಅಂತರವನ್ನು ತುಂಬಿ, ಟೈರನ್ನು ಅರದಂತೆ ಉಜ್ಜಬಲ್ಲುದು. ಹೊದಿಕೆ ಹರಿದು ಬಣ್ಣ ಕಿತ್ತುಹೋದ ತಗಡಿಗೆ ಕಡಲಿನ ಉಪ್ಪುಗಾಳಿ ಬೇಗನೆ ತುಕ್ಕು ಹಿಡಿಸುತ್ತದೆ.

ಕಾನೂನನ್ನೂ ಮರೆಯಬಾರದು. ತಯಾರಕರು ಮೂಲತಃ ನಿಗದಿಪಡಿಸಿದುದಕ್ಕಿಂತ ನೋಂದಣಿ ಪತ್ರದ ವಿವರಗಳು ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಕೂಡದೆಂದು 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ವಿಧಿಸುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನು ಎತ್ತಿಹಿಡಿಯಿತು. ಹೊನ್ನಾವರದಲ್ಲಿಯೇ ಸಾರಿಗೆ ಕಚೇರಿಯಿರುವುದರಿಂದ ಹಣ ಖರ್ಚು ಮಾಡುವ ಮೊದಲೇ ಅಲ್ಲಿ ವಿಚಾರಿಸಿಕೊಳ್ಳುವುದು ಲೇಸು.

ಇಷ್ಟೆಲ್ಲ ಮಾರ್ಪಾಡಿಗೆ ಪ್ರತಿಯಾಗಿ ದೊರೆಯುವುದು 20 ಮಿ.ಮೀ. ಎತ್ತರ ಮತ್ತು 10 ಸೆಂ.ಮೀ. ಕಲ್ಲನ್ನೇರುವಾಗ 99ರ ಬದಲು 94 ಕಿಲೋಗ್ರಾಂ. ತೋಟದ ದಾರಿಯಲ್ಲಿ ಜೀಪು ಸಿಕ್ಕಿಕೊಳ್ಳುವುದು ಹೆಚ್ಚಾಗಿ ಎತ್ತರ ಸಾಲದೆ ಅಲ್ಲ, ಕೆಸರಿನಲ್ಲಿ ಹಿಡಿತ ಸಾಲದೆ. ಅದಕ್ಕೆ ಮೂಲ ಅಳತೆಯಲ್ಲಿಯೇ ಆಳವಾದ ಗೀರುಗಳುಳ್ಳ ಕೆಸರಿನ ಟೈರು ದೊರೆತರೆ ಸಾಕು. ಕೆಟ್ಟ ದಾರಿಯಲ್ಲಿ ನಿಧಾನವಾಗಿ ಹೋಗುವಾಗ ಗಾಳಿಯನ್ನು ತುಸು ಇಳಿಸಿದರೆ ಟೈರು ನೆಲವನ್ನು ಉದ್ದವಾಗಿ ಅಪ್ಪಿಕೊಳ್ಳುತ್ತದೆ. ಡಾಂಬರಿನ ರಸ್ತೆಯನ್ನು ಸೇರುವ ಮೊದಲು ಮತ್ತೆ ತುಂಬಬೇಕು. ಹೀಗೆ ಮಾಡಿದರೆ ಬ್ರೇಕು, ಸ್ಟೀಯರಿಂಗು, ವೇಗಮಾಪಕ ಇವೆಲ್ಲ ತಯಾರಕರು ಇಟ್ಟ ಲೆಕ್ಕದಲ್ಲಿಯೇ ಉಳಿಯುತ್ತವೆ.